ಹುಡುಗ ಮೈನರ್ ಆದರೆ ಕೇಸ್ ನಿಲ್ಲಲ್ವಾ?

ಪ್ರಶ್ನೆ (ಗಂಗಾವತಿ ಕಡೆಯ ಸದಸ್ಯರು):
ನಮಸ್ಕಾರ್ರಿ ಮೇಡಂ. ನಮ್ಮ ಅಕ್ಕನ ಮಗಳಿಗೆ 13 ವರ್ಷ. ನಿನ್ನೆ ಅಕ್ಕ, ಮಾವ ಭತ್ತದ ನಾಟಿಗೆ ಹೋಗಿದ್ದಾಗ ಓಣಿಯ ಹುಡುಗನೊಬ್ಬ ಮನೆಗೆ ನುಗ್ಗಿ ಅತ್ಯಾಚಾರ ಮಾಡಿದ್ದಾನೆ. ಅವನಿಗೆ 16 ದಾಟಿದೆ. ಹಿರಿಯರು ಕಟ್ಟೆಗೆ ಕರೆದು, "ಹುಡುಗ ಮೈನರ್, ಕೋರ್ಟಿಗೆ ಹೋದರೂ ಏನೂ ಆಗಲ್ಲ. ಹುಡುಗಿ ಹೆಸರು ಹಾಳಾಗುತ್ತೆ, ದುಡ್ಡು ಕೊಡಿಸ್ತೀವಿ" ಅಂತಿದ್ದಾರೆ. ಮಾವ ಒಪ್ಪೋ ಹಾಗಿದ್ದಾರೆ. ನಿಜವಾಗ್ಲೂ ಏನೂ ಆಗಲ್ವಾ?

ಉತ್ತರ (ವಕೀಲರು, ಕೊಪ್ಪಳ):
ಆಗುತ್ತೆ ಅಣ್ಣಾ. ಆದರೆ ಅದಕ್ಕೂ ಮೊದಲು ಮಗುವನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರಿ ಇರಲಿ, ಖಾಸಗಿ ಇರಲಿ, ಚಿಕಿತ್ಸೆ ಉಚಿತವಾಗಿ ಕೊಡಲೇಬೇಕು. ಎಫ್‌ಐಆರ್ ಆಗದಿದ್ದರೂ ಪರೀಕ್ಷೆ ಮಾಡಬಹುದು, ಮಾಡುವವರು ಲೇಡಿ ಡಾಕ್ಟರೇ ಆಗಿರಬೇಕು. ಆವತ್ತಿನ ಬಟ್ಟೆ ಒಗೆಯಬೇಡಿ. ಪ್ಲಾಸ್ಟಿಕ್ ಕವರ್‌ಗೆ ಹಾಕಬೇಡಿ, ತೇವ ಹಿಡಿದು ಸಾಕ್ಷ್ಯ ಕೆಡುತ್ತೆ. ಒಣಗಿದ ಮೇಲೆ ಪೇಪರಿನಲ್ಲಿ ಸುತ್ತಿಟ್ಟು ಪೊಲೀಸರಿಗೆ ಕೊಡಿ. 112 (ಪೊಲೀಸ್ ತುರ್ತು ಸಹಾಯ) ಅಥವಾ 1098ಕ್ಕೆ (ಮಕ್ಕಳ ಸಹಾಯವಾಣಿ) ಫೋನ್ ಮಾಡಿ. ಹೇಳಿಕೆ ಬರೆದುಕೊಳ್ಳೋಕೆ ಪೊಲೀಸರು ಯೂನಿಫಾರ್ಮ್ ಇಲ್ಲದೆ ನಿಮ್ಮ ಮನೆಗೇ ಬರಬೇಕು. ರಾತ್ರಿ ಮಗುವನ್ನು ಸ್ಟೇಷನ್ನಿನಲ್ಲಿ ಕೂರಿಸುವ ಹಾಗಿಲ್ಲ.

ಇನ್ನು ರಾಜಿ. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆಯ ಕೇಸನ್ನು ಕಟ್ಟೆ ಮೇಲೆ ಮುಗಿಸುವ ಅಧಿಕಾರ ಯಾರಿಗೂ ಇಲ್ಲ. ರಾಜಿ ಆಗಿದೆ ಅಂತ ರಾಜಸ್ಥಾನ ಹೈಕೋರ್ಟ್ ರದ್ದು ಮಾಡಿದ್ದ ಒಂದು ಕೇಸನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ನಡೆಸೋಕೆ ಹೇಳಿತು. ಗೊತ್ತಿದ್ದೂ ದೂರು ಕೊಡದೆ ಸುಮ್ನೆ ಕೂತವರಿಗೆ 6 ತಿಂಗಳವರೆಗೆ ಜೈಲು ಆಗಬಹುದು. ಹಿರಿಯರಿಗೆ ಇದನ್ನು ನೇರವಾಗಿ ಹೇಳಿ. ಹುಡುಗಿಯ ಹೆಸರು, ಊರು ಪೇಪರಿನಲ್ಲಾಗಲಿ ಗ್ರೂಪಿನಲ್ಲಾಗಲಿ ಹಾಕುವಂತಿಲ್ಲ, ವಿಚಾರಣೆಯೂ ಮುಚ್ಚಿದ ಬಾಗಿಲ ಒಳಗೇ ನಡೆಯುತ್ತೆ.

"ಏನೂ ಆಗಲ್ಲ" ಅನ್ನೋ ಮಾತು ಎಲ್ಲಿಂದ ಬಂತು ಗೊತ್ತಾ? 2012ರ ದೆಹಲಿಯ ನಿರ್ಭಯಾ ಸಾಮೂಹಿಕ ಅತ್ಯಾಚಾರ ಪ್ರಕರಣದಲ್ಲಿ ಮೈನರ್ ಒಬ್ಬನಿಗೆ 3 ವರ್ಷ ಮಾತ್ರ ಆಯ್ತು. ಆಗ ಕಾನೂನಿನಲ್ಲಿ ಇದ್ದದ್ದೇ ಅಷ್ಟು. 2015ರ ಬಾಲ ನ್ಯಾಯ ಕಾಯ್ದೆ ಅದನ್ನು ಬದಲಿಸಿದೆ. 16ರಿಂದ 18ರ ಒಳಗಿನವನು ಘೋರ ಅಪರಾಧ ಮಾಡಿದರೆ, ಅವನಿಗೆ ಅದರ ಪರಿಣಾಮ ತಿಳಿಯುವಷ್ಟು ಬುದ್ಧಿ ಇತ್ತಾ ಅಂತ ಬಾಲ ನ್ಯಾಯ ಮಂಡಳಿ ನೋಡುತ್ತೆ, ಮನಶ್ಶಾಸ್ತ್ರಜ್ಞರ ನೆರವೂ ಪಡೆಯುತ್ತೆ. ಕನಿಷ್ಠ 7 ವರ್ಷ ಶಿಕ್ಷೆ ಇರುವುದೆಲ್ಲ ಘೋರ ಅಪರಾಧ. 16ರ ಒಳಗಿನ ಮಗುವಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 20 ವರ್ಷ ಇದೆ. ಹಾಗಾಗಿ ಕೇಸ್ ಮಕ್ಕಳ ನ್ಯಾಯಾಲಯಕ್ಕೆ ಹೋಗಿ, ದೊಡ್ಡವರ ಹಾಗೆ ವಿಚಾರಣೆ ನಡೆಯಬಹುದು. ಆದರೆ 21 ತುಂಬುವವರೆಗೆ ಅವನನ್ನು ಜೈಲಿಗೆ ಕಳಿಸಲ್ಲ, ಬೇರೆ ಕಡೆ ಇಡುತ್ತಾರೆ. ಗಲ್ಲು ಆಗಲ್ಲ, ಬಿಡುಗಡೆಯೇ ಇಲ್ಲದ ಜೀವಾವಧಿಯೂ ಆಗಲ್ಲ.

ಅದೇ ಸದಸ್ಯರು:
ಅವನ ಶಾಲೆ ದಾಖಲೆಯಲ್ಲಿ ಜೂನ್ 1 ಅಂತಿದೆ ಮೇಡಂ. ಮೇಷ್ಟ್ರು ಅಂದಾಜಿನಲ್ಲಿ ಬರೆದಿದ್ದು. ಅವರ ಕಡೆಯವರು 15 ಅಂತ ವಾದ ಮಾಡ್ತಾರಂತೆ.

ವಕೀಲರು:
ನಮ್ಮ ಕಡೆ ಅರ್ಧ ಊರಿಗೆ ಜೂನ್ 1ನೇ ತಾರೀಖೇ ಹುಟ್ಟಿದ ದಿನ, ಅಲ್ವಾ! ಆದರೂ ಮಂಡಳಿ ಮೊದಲು ನೋಡೋದು ಶಾಲೆಯ ಅಥವಾ ಎಸ್ಸೆಸ್ಸೆಲ್ಸಿ ದಾಖಲೆ. ಅದು ಇಲ್ಲದಿದ್ದರೆ ಪಂಚಾಯಿತಿ ಜನನ ಪ್ರಮಾಣಪತ್ರ. ಎರಡೂ ಇಲ್ಲ ಅಂದಾಗ ಮಾತ್ರ ಮೂಳೆ ಪರೀಕ್ಷೆ. ಕಾಯ್ದೆಯ ಈ ಪಟ್ಟಿಯಲ್ಲಿ ಆಧಾರ್ ಇಲ್ಲ. ಲೆಕ್ಕ ಹಾಕೋದು ಘಟನೆ ನಡೆದ ದಿನದ ವಯಸ್ಸು. ಅಡ್ಮಿಷನ್ ರಿಜಿಸ್ಟರ್ ತರಿಸಿ ನೋಡಿ ಅಂತ ತನಿಖಾಧಿಕಾರಿಗೆ ಬರೆದುಕೊಡಿ.

ಇನ್ನೊಬ್ಬ ಸದಸ್ಯರು (ಸಿಂಧನೂರು):
16 ತುಂಬಿಲ್ಲ ಅಂತಾದರೆ ಬಿಟ್ಟುಬಿಡ್ತಾರಾ ಅಕ್ಕಾ?

ವಕೀಲರು:
ಇಲ್ಲಪ್ಪ. ತಪ್ಪು ಸಾಬೀತಾದರೆ ಹೆಚ್ಚೆಂದರೆ 3 ವರ್ಷ ವಿಶೇಷ ಗೃಹದಲ್ಲಿ ಇಡಬಹುದು, ಅಲ್ಲಿ ಓದು, ಕೌನ್ಸೆಲಿಂಗ್ ಇರುತ್ತೆ. ಕಡಿಮೆ ಆಯ್ತು ಅಂತ ಸಿಟ್ಟು ಬರುತ್ತೆ, ಗೊತ್ತು. ಆದರೆ 15ರ ಹುಡುಗನನ್ನು ದೊಡ್ಡ ಕೈದಿಗಳ ಜೊತೆ ಹಾಕಿದರೆ ಅವನು ಇನ್ನೂ ಕೆಟ್ಟು ಹೊರಗೆ ಬರ್ತಾನೆ ಅಂತ ನಾನು ನಂಬ್ತೀನಿ. ದುಡ್ಡು ಕೊಟ್ಟು ಮುಚ್ಚಿಹಾಕಿದರೆ ಅವನಿಗೆ ಆ ಕೌನ್ಸೆಲಿಂಗೂ ಸಿಗಲ್ಲ.

ಗಂಗಾವತಿ ಅಣ್ಣಾ, ಇನ್ನೊಂದು ಮಾತು. ಮೈನರ್‌ಗೆ ಜಾಮೀನು ಬೇಗ ಸಿಗುತ್ತೆ. ಕೇಸ್ ಬಿತ್ತು ಅಂತ ತಿಳಿಯಬೇಡಿ. ಒಂದೇ ಓಣಿ ಆದ್ದರಿಂದ ಮಗುವಿಗೆ ಭಯ ಇದೆ ಅಂತ ಮಂಡಳಿಗೆ ಈಗಲೇ ಲಿಖಿತವಾಗಿ ಕೊಡಿ. ವಕೀಲರ ಫೀಸಿನ ಚಿಂತೆ ಬೇಡ, ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿದರೆ ಮಕ್ಕಳಿಗೆ ಉಚಿತ ನೆರವು ಸಿಗುತ್ತೆ. ಆಸ್ಪತ್ರೆ ಮುಟ್ಟಿದ ಕೂಡಲೇ ನನಗೆ ಪರ್ಸನಲ್ ಮೆಸೇಜ್ ಹಾಕಿ.