ಮಿನಿಮೋಗ್‌ಗೆ ಕಾಲಿನ ಪೆಡಲ್: ಫಿಲ್ಟರ್ ಅಲುಗಾಡ್ತಿಲ್ಲ

ಪ್ರಶ್ನೆ:
ನನ್ನ ಹತ್ರ ಹಳೇ ಮಿನಿಮೋಗ್ ಮಾಡೆಲ್ ಡಿ ಇದೆ, ಅಂದ್ರೆ ಮೋಗ್ ಕಂಪನಿಯ ಸಿಂಥಸೈಜರ್ (ಸಿಂಥ್), ವಿದ್ಯುತ್ತಿನಿಂದ ಧ್ವನಿ ಹುಟ್ಟಿಸೋ ಕೀಬೋರ್ಡ್. ಎರಡೂ ಕೈ ಕೀಗಳ ಮೇಲಿರುವಾಗ ಫಿಲ್ಟರ್ (ಧ್ವನಿಯನ್ನು ಮಂಕು ಅಥವಾ ಸ್ಪಷ್ಟ ಮಾಡೋ ಭಾಗ) ತಿರುಗಿಸೋಕೆ ಮೂರನೇ ಕೈ ಬೇಕು. ಅದಕ್ಕೆ ಬೇರೆ ಕೀಬೋರ್ಡ್‌ನ ಎಕ್ಸ್‌ಪ್ರೆಶನ್ ಪೆಡಲ್ (ತುಳಿದಷ್ಟೂ ಧ್ವನಿ ಬದಲಿಸೋ ಕಾಲಿನ ಪೆಡಲ್) ತಂದು ಹಿಂದಿನ ಫಿಲ್ಟರ್ ಜಾಕ್‌ಗೆ ಚುಚ್ಚಿದೆ. ಎಷ್ಟು ತುಳಿದರೂ ಧ್ವನಿ ಬದಲಾಗಲಿಲ್ಲ. ಜಾಕ್ ಹಾಳಾಗಿದೆಯಾ?

ಉತ್ತರ 1:
ಜಾಕ್ ಸರಿಯಾಗೇ ಇರಬಹುದು ಸರ್. ಆ ಪೆಡಲ್ ಒಳಗಿರೋದು ಬರೀ ಒಂದು ಪೊಟೆನ್ಶಿಯೋಮೀಟರ್ (ಪಾಟ್), ಅಂದ್ರೆ ಹೆಚ್ಚು ಕಮ್ಮಿ ಮಾಡಬಹುದಾದ ರೆಸಿಸ್ಟರ್. ಅದು ತಾನಾಗಿ ವೋಲ್ಟೇಜ್ ಕೊಡಲ್ಲ. ಫಿಲ್ಟರ್ ಜಾಕ್ ಕಾಯ್ತಿರೋದು ವೋಲ್ಟೇಜ್‌ಗೆ.

ನಾನು ಸಣ್ಣ ಡಬ್ಬಿಯಲ್ಲಿ 9 ವೋಲ್ಟ್ ಬ್ಯಾಟರಿ ಇಟ್ಟೆ. ಪೆಡಲ್‌ನ ಪಾಟ್ 10 ಕಿಲೋಓಮ್. ಬ್ಯಾಟರಿಯ ಪ್ಲಸ್‌ಗೆ 8.2 ಕಿಲೋಓಮ್ ರೆಸಿಸ್ಟರ್ ಸೇರಿಸಿ ಪಾಟ್‌ನ ಒಂದು ತುದಿಗೆ, ಮೈನಸ್ ಇನ್ನೊಂದು ತುದಿಗೆ. ಪಾಟ್‌ನ ನಡುವಿನ ತಂತಿ ಸಿಂಥ್‌ನ ಫಿಲ್ಟರ್ ಜಾಕ್‌ಗೆ. ಹೆಚ್ಚೆಂದರೆ 5 ವೋಲ್ಟ್ ಬರುತ್ತೆ. ಮೈನಸ್ಸನ್ನು ಸಿಂಥ್‌ನ ಗ್ರೌಂಡ್‌ಗೂ ಸೇರಿಸಲೇಬೇಕು, ಮರೀಬೇಡಿ. ಮೊದಲ ಸಲ ಹಿಮ್ಮಡಿಯಿಂದ ಬೆರಳಿನ ಕಡೆಗೆ ನಿಧಾನ ಒತ್ತಿದಾಗ ಮುಚ್ಚಿದ ಬಾಯಿ ತೆರೆದ ಹಾಗೆ ಧ್ವನಿ ಅರಳಿತು. ಕಣ್ಣಲ್ಲಿ ನೀರು ಬಂತು.

ಉತ್ತರ 2:
ತಂತಿ ಬೆಸೆಯೋ ಮುಂಚೆ ಪ್ಲಗ್‌ನ ಯಾವ ಭಾಗ ಪಾಟ್‌ನ ನಡುವಿನ ತಂತಿ ಅಂತ ಮಲ್ಟಿಮೀಟರ್ ಹಿಡಿದು ನೋಡಿ. ರೋಲ್ಯಾಂಡ್, ಯಮಹಾ ಪೆಡಲ್‌ಗಳಲ್ಲಿ ಪ್ಲಗ್‌ನ ತುದಿ ಮತ್ತು ಉಂಗುರದ ಕೆಲಸ ಅದಲು ಬದಲು.

ಬಾಸ್ ಕೂಡ ಕಾಲಲ್ಲೇ ಬೇಕಂದ್ರೆ ಮೋಗ್ ಟಾರಸ್ ಹುಡುಕಿ, ಅದು ಕಾಲಲ್ಲಿ ನುಡಿಸೋ ಬಾಸ್ ಸಿಂಥ್. 13 ಪೆಡಲ್, ಒಳಗೇ ಪೂರ್ತಿ ಸಿಂಥ್. ಧ್ವನಿಯ ಜೋರಿಗೂ ಫಿಲ್ಟರ್‌ಗೂ ಪಾದದಲ್ಲೇ ತಳ್ಳುವ ಸ್ಲೈಡರ್ ಇವೆ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಜೆನೆಸಿಸ್‌ನವರು ಅದನ್ನೇ ತುಳಿದದ್ದು.

ಪ್ರಶ್ನೆ ಕೇಳಿದವರು:
ಡಬ್ಬಿ ಮಾಡಿದೆ. ಫಿಲ್ಟರ್ ತೆರೆಯಿತು! ತುಂಬಾ ಥ್ಯಾಂಕ್ಸ್.