ಸ್ಟ್ಯಾಟಿಕ್: ಕಾಂಟ್ರ್ಯಾಕ್ಷನ್ ತಡವಾಗಿ ಬರುತ್ತಿದೆ, ಆದರೂ ಪಿಬಿ ದಾಟಲಾಗುತ್ತಿಲ್ಲ

ತಿಳಿನೀರು:
ಕೊಳದಲ್ಲಿ ಅಲುಗಾಡದೆ ಉಸಿರು ಹಿಡಿಯುವುದರಲ್ಲಿ (ಸ್ಟ್ಯಾಟಿಕ್) ನನ್ನ ಪಿಬಿ, ಅಂದರೆ ಈವರೆಗಿನ ಅತ್ಯುತ್ತಮ ಸಮಯ, 4:10. ನಾಲ್ಕೂವರೆ ನಿಮಿಷ ಮುಟ್ಟಬೇಕೆಂದು ಒಂದು ತಿಂಗಳಿಂದ ಹೆಣಗುತ್ತಿದ್ದೇನೆ. ಮೊದಲೆಲ್ಲ 2:00 ಹೊತ್ತಿಗೆ ಕಾಂಟ್ರ್ಯಾಕ್ಷನ್ (ಉಸಿರಾಡಲು ವಪೆ ತಾನಾಗಿ ಒದೆಯುವುದು) ಶುರುವಾಗುತ್ತಿತ್ತು. ಉಸಿರಾಟದ ತಯಾರಿ ಬದಲಿಸಿದ ಮೇಲೆ 2:50ರವರೆಗೆ ಸುಳಿವೇ ಇರುವುದಿಲ್ಲ. ಖುಷಿಯಾಗಿತ್ತು. ಆದರೆ ಮೊನ್ನೆ 4:02ಕ್ಕೆ ಎದ್ದಾಗ ಕತ್ತು, ಕೈ ನಡುಗಿ ತಲೆ ನೀರಿನ ಕಡೆ ವಾಲಿತಂತೆ. ಜೊತೆಗಾರ ಹಿಡಿದುಕೊಂಡ. ನನಗೆ ಅದು ಸರಿಯಾಗಿ ನೆನಪಿಲ್ಲ. ಕಾರ್ಬನ್ ಡೈಆಕ್ಸೈಡ್ ಟೇಬಲ್ (ನಡುವಿನ ವಿಶ್ರಾಂತಿ ಇಳಿಸುತ್ತಾ ಹೋಗುವ ಅಭ್ಯಾಸ) ಹೆಚ್ಚಿಸಲೇ, ಆಕ್ಸಿಜನ್ ಟೇಬಲ್ (ಹಿಡಿಯುವ ಸಮಯ ಏರಿಸುತ್ತಾ ಹೋಗುವುದು) ಹೆಚ್ಚಿಸಲೇ?

ನೀರುಕಾಗೆ:
ಟೇಬಲ್ ಮಾತು ಆಮೇಲೆ. ಆ ನಡುಕ ಎಲ್‌ಎಂಸಿ, ಡೈವರ್‌ಗಳು ಸಾಂಬಾ ಅನ್ನುತ್ತಾರಲ್ಲ, ಅದೇ. ಮೆದುಳಿಗೆ ಆಕ್ಸಿಜನ್ ಸಾಲದೆ ಮೈಮೇಲೆ ಹಿಡಿತ ತಪ್ಪಿದೆ. ಅದರಾಚೆಗೆ ಇರುವುದು ಬ್ಲ್ಯಾಕೌಟ್, ಅಂದರೆ ಪ್ರಜ್ಞೆ ತಪ್ಪುವುದು. ಜೊತೆಗಾರ ಪಕ್ಕದಲ್ಲಿದ್ದದ್ದು ದೊಡ್ಡದು. ಮುಖ ಮುಳುಗಿಸುವ ಮುಂಚೆ ಹೇಗೆ ಉಸಿರಾಡುತ್ತೀರಿ? ತುಟಿ, ಬೆರಳು ಜುಮ್ಮೆನ್ನುತ್ತವೆಯೇ?

ತಿಳಿನೀರು:
ಎರಡು ನಿಮಿಷ ಆಳವಾಗಿ, ಕೊನೆಯಲ್ಲಿ ಹತ್ತು ಸಲ ಜೋರಾಗಿ. ಹೌದು, ಜುಮ್ಮೆನ್ನುತ್ತವೆ. ಆಕ್ಸಿಜನ್ ತುಂಬಿದ್ದರ ಗುರುತು ಅಂದುಕೊಂಡಿದ್ದೆ. 2021ರಲ್ಲಿ ಬುಡಿಮಿರ್ ಶೋಬಾಟ್ 24:37 ಹಿಡಿದ ಸುದ್ದಿ ಓದಿದಾಗಿನಿಂದ ತಯಾರಿಯಲ್ಲೇ ಗುಟ್ಟಿದೆ ಅನ್ನಿಸಿತ್ತು.

ನೀರುಕಾಗೆ:
ಶೋಬಾಟ್ ಮೊದಲು ಶುದ್ಧ ಆಕ್ಸಿಜನ್ ಉಸಿರಾಡಿದ್ದರು. ಅದು ಬೇರೆಯದೇ ಲೆಕ್ಕ. ಬರೀ ಗಾಳಿಯಲ್ಲಿ ಸ್ಟೆಫಾನ್ ಮಿಫ್ಸುದ್ 2009ರಲ್ಲಿ ಮಾಡಿದ ದಾಖಲೆ 11:35.

ನಿಮ್ಮ ತೊಂದರೆ ಬೇಕಿದ್ದಕ್ಕಿಂತ ಹೆಚ್ಚು ಉಸಿರಾಡುವುದು, ಅಂದರೆ ಹೈಪರ್‌ವೆಂಟಿಲೇಷನ್. ಸುಮ್ಮನೆ ಕೂತಿದ್ದಾಗಲೇ ರಕ್ತದ ಹಿಮೋಗ್ಲೋಬಿನ್ ಶೇಕಡ 97-98ರಷ್ಟು ಆಕ್ಸಿಜನ್ ಹೊತ್ತಿರುತ್ತದೆ. ಎಷ್ಟು ಜೋರಾಗಿ ಉಸಿರಾಡಿದರೂ ಅಲ್ಲಿ ತುಂಬಲು ಹೆಚ್ಚು ಜಾಗವಿಲ್ಲ. ಹೊರಗೆ ಹೋಗುವುದು ಮಾತ್ರ ಕಾರ್ಬನ್ ಡೈಆಕ್ಸೈಡ್. ಉಸಿರಾಡು ಎಂದು ವಪೆಯನ್ನು ಒದೆಸುವುದು ಅದೇ ಅನಿಲ. ಅದನ್ನು ಖಾಲಿ ಮಾಡಿದ್ದರಿಂದ ಕಾಂಟ್ರ್ಯಾಕ್ಷನ್ ತಡವಾಯಿತು, ಆಕ್ಸಿಜನ್ ಮಾತ್ರ ಎಂದಿನಂತೆ ಇಳಿಯುತ್ತಲೇ ಇತ್ತು. ಸಾಲದ್ದಕ್ಕೆ, ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದರೆ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ಹಿಮೋಗ್ಲೋಬಿನ್ ತನ್ನ ಆಕ್ಸಿಜನ್ನನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹಾಗಾಗಿ ಆ 50 ಸೆಕೆಂಡು ನೀವು ಗಳಿಸಿದ್ದಲ್ಲ, ಎಚ್ಚರಿಕೆಯ ಗಂಟೆ ಕೇಳಿಸದೆ ಕಳೆದದ್ದು.

ಎರಡು ವಾರ ಮ್ಯಾಕ್ಸ್ ಪ್ರಯತ್ನ ಪೂರ್ತಿ ನಿಲ್ಲಿಸಿ. ತಯಾರಿಯಲ್ಲಿ ಮನೆಯಲ್ಲಿ ಓದುತ್ತಾ ಕೂತಾಗಿನ ಹಾಗೆ ಉಸಿರಾಡಿ, ಹೊರಗೆ ಬಿಡುವುದು ನಿಧಾನವಾಗಿರಲಿ, ಕೊನೆಯ ಒಂದೇ ಉಸಿರು ತುಂಬ ಎಳೆದುಕೊಳ್ಳಿ. ಕಾಂಟ್ರ್ಯಾಕ್ಷನ್ ಮತ್ತೆ 2:00ಕ್ಕೇ ಬರುತ್ತದೆ, ಬರಲಿ. ಅದರ ಜೊತೆ ಇರುವುದನ್ನು ಕಲಿಯಲು ಕಾರ್ಬನ್ ಡೈಆಕ್ಸೈಡ್ ಟೇಬಲ್ ಸಾಕು. ಹಾಸಿಗೆಯ ಮೇಲೆ ಮಲಗಿ ಎಂಟು ಸಲ 2:00 ಹಿಡಿಯಿರಿ. ನಡುವಿನ ವಿಶ್ರಾಂತಿ 2:00ರಿಂದ ಶುರುವಾಗಿ ಪ್ರತಿ ಸಲ 15 ಸೆಕೆಂಡು ಇಳಿಯಲಿ. ನೀರಿನಲ್ಲಿ ಒಬ್ಬರೇ ಬೇಡ, ಸ್ನಾನದ ತೊಟ್ಟಿಯಲ್ಲೂ ಬೇಡ.

ಅಲೆಯಿಲ್ಲ:
ಜೊತೆಗಾರರಿಗೂ ಒಂದು ಮಾತು. 2:30 ಆದ ಮೇಲೆ 15 ಸೆಕೆಂಡಿಗೊಮ್ಮೆ ಭುಜ ತಟ್ಟಲಿ, ನೀವು ಬೆರಳೆತ್ತಿ. ಬೆರಳು ಏಳದಿದ್ದರೆ ತಕ್ಷಣ ಇನ್ನೊಮ್ಮೆ ತಟ್ಟಬೇಕು, ಆಗಲೂ ಏಳದಿದ್ದರೆ ಕಾಯದೆ ಮುಖ ಮೇಲೆತ್ತಬೇಕು. ಪ್ರಜ್ಞೆ ಇಲ್ಲದಿದ್ದರೆ ಮುಖ ನೀರಿನಿಂದ ಹೊರಗೇ ಇರಲಿ. ಮಾಸ್ಕ್, ಮೂಗಿನ ಕ್ಲಿಪ್ ತೆಗೆದು, ಕೆನ್ನೆ ತಟ್ಟಿ, ಕಣ್ಣಿನ ಸುತ್ತ ಊದಿ, ಹೆಸರು ಹಿಡಿದು ಉಸಿರಾಡು ಎನ್ನಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್ ನಂಬಬೇಡಿ, ಕೈಕಾಲಿನ ರಕ್ತನಾಳ ಕುಗ್ಗಿರುವಾಗ ಅದು ತಡವಾಗಿ ತೋರಿಸುತ್ತದೆ.

ನೀರುಕಾಗೆ:
ಇದನ್ನು ನಾನೇ ಮೊದಲು ಹೇಳಬೇಕಿತ್ತು. ಎದ್ದ ತಕ್ಷಣದ್ದೂ ಅಷ್ಟೇ ಮುಖ್ಯ. ಅಂಚು ಹಿಡಿದುಕೊಳ್ಳಿ, ಇದ್ದ ಗಾಳಿಯನ್ನೆಲ್ಲ ಉಸ್ಸೆಂದು ಬಿಡಬೇಡಿ. ಸ್ವಲ್ಪ ಬಿಟ್ಟು, ಚಕ್ಕನೆ ಎಳೆದು, ಒಂದು ಕ್ಷಣ ತಡೆದು, ಮತ್ತೆ ಎಳೆಯಿರಿ. ಹೀಗೆ ಮೂರು ನಾಲ್ಕು ಸಲ. ಹುಕ್ ಬ್ರೀದಿಂಗ್ ಅನ್ನುವುದು ಇದಕ್ಕೇ. ಪ್ರತಿ ಸಣ್ಣ ಹೋಲ್ಡ್ ನಂತರವೂ ಮಾಡಿದರೆ ಮೈಗೆ ಬರುತ್ತದೆ.

ತಿಳಿನೀರು:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಜುಮ್ಮೆನ್ನುವುದು ನಿಂತಿದೆ. ಕಾಂಟ್ರ್ಯಾಕ್ಷನ್ 1:55ಕ್ಕೆ ಬಂತು. ಮೊದಲ ಹತ್ತು ನಿಜಕ್ಕೂ ಕಷ್ಟವಾದವು, ಆಮೇಲೆ ಎಣಿಸುತ್ತಾ ಹೋದೆ. 3:50ಕ್ಕೆ ಬೇಕೆಂದೇ ಎದ್ದೆ. ನಡುಕ ಇರಲಿಲ್ಲ, ಎಲ್ಲವೂ ನೆನಪಿದೆ, ಜೊತೆಗಾರ ತಟ್ಟಿದ್ದು ಕೂಡ. ಅವನಿಗೆ ಈ ಉತ್ತರಗಳನ್ನೆಲ್ಲ ಓದಿಸಿದ್ದೇನೆ. 4:10 ಮತ್ತೆ ಪ್ರಯತ್ನಿಸಲು ಇನ್ನೂ ಎರಡು ವಾರ ಬಿಡುತ್ತೇನೆ.