ನಲ್ಲಿ ಬಂದ್ ಇದ್ದರೂ ಪಂಪ್ ಆನ್-ಆಫ್ ಆಗ್ತಿದೆ, ಪಂಪ್ ಬದಲಾಯಿಸಬೇಕಾ?

ಪ್ರಶ್ನೆ (ಕುಂದಾಪುರ ಕಡೆಯಿಂದ):
ಸರ್, ನಮ್ಮ ಮನೆಯಲ್ಲಿ ಮೇಲೆ ಟ್ಯಾಂಕ್ ಇಲ್ಲ. ಬಾವಿಯಿಂದ 1 ಎಚ್‌ಪಿ ಪಂಪ್ ನೇರ ನಲ್ಲಿಗೆ ನೀರು ಕೊಡುತ್ತದೆ. ಪಕ್ಕದಲ್ಲಿ 24 ಲೀಟರಿನ ಪ್ರೆಶರ್ ಟ್ಯಾಂಕ್ ಮತ್ತು ಆಟೋಮ್ಯಾಟಿಕ್ ಸ್ವಿಚ್ ಇದೆ. ನೀರಿನ ಒತ್ತಡ 20 ಪಿಎಸ್‌ಐಗೆ (ಒತ್ತಡದ ಅಳತೆ) ಇಳಿದರೆ ಆನ್, 40ಕ್ಕೆ ಏರಿದರೆ ಆಫ್. ಈಗ ಶವರ್ ಬಿಟ್ಟರೆ ಎರಡು ಮೂರು ಸೆಕೆಂಡಿಗೊಮ್ಮೆ ಟಕ್ ಅಂತ ಆನ್, ಟಕ್ ಅಂತ ಆಫ್. ರಾತ್ರಿ ಎಲ್ಲ ನಲ್ಲಿ ಬಂದ್ ಇದ್ದರೂ ಆಗಾಗ ಓಡಿ ನಿಲ್ಲುತ್ತದೆ. ಅತ್ತೆಯವರಿಗೆ ನಿದ್ದೆಯೇ ಇಲ್ಲ. ನೋಡಲು ಬಂದವರು ಪಂಪೇ ಬದಲಾಯಿಸಿ ಅಂದರು.

ಉತ್ತರ (ಪಂಪ್ ಮೆಕ್ಯಾನಿಕ್):
ಮೇಡಂ, ಸದ್ಯಕ್ಕೆ ಪಂಪ್ ಮುಟ್ಟಬೇಡಿ. 40ರ ತನಕ ಒತ್ತಡ ಏರಿಸಿ ನಿಲ್ಲುತ್ತಿದೆ ಅಂದ ಮೇಲೆ ಪಂಪ್ ಚೆನ್ನಾಗಿಯೇ ಇದೆ. ನಿಮ್ಮಲ್ಲಿ ಎರಡು ತೊಂದರೆ ಸೇರಿಕೊಂಡಿವೆ ಅನ್ನಿಸುತ್ತದೆ.

ಮೊದಲನೆಯದು ಟ್ಯಾಂಕಿನ ಗಾಳಿ. ಆ ಟ್ಯಾಂಕಿನೊಳಗೆ ಒಂದು ರಬ್ಬರ್ ಚೀಲ ಇದೆ. ಚೀಲದಲ್ಲಿ ನೀರು, ಹೊರಗೆ ಗಾಳಿ. ಗಾಳಿ ಸರಿ ಇದ್ದರೆ ಪಂಪ್ ನಿಂತ ಮೇಲೂ 24 ಲೀಟರ್ ಟ್ಯಾಂಕಿನಿಂದ ಸುಮಾರು 8 ಲೀಟರ್ ನೀರು ಬರಬೇಕು. ಶವರಿಗೆ ಅದು ಒಂದು ನಿಮಿಷಕ್ಕೆ ಸಾಕು. ನಿಮ್ಮದು ಎರಡು ಮೂರು ಸೆಕೆಂಡಿಗೇ ಆನ್ ಆಗುತ್ತಿದೆ ಅಂದರೆ ಟ್ಯಾಂಕ್ ಸುಮ್ನೆ ಹೆಸರಿಗೆ ಇದೆ ಅಷ್ಟೇ.

ಟ್ಯಾಂಕಿನ ತುದಿಯಲ್ಲಿ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ತಿರುಗಿಸಿ ತೆಗೆಯಿರಿ. ಒಳಗೆ ಬೈಕ್ ಟೈರಿನ ವಾಲ್ವ್ ತರಹದ್ದೇ ಪಿನ್ ಕಾಣುತ್ತದೆ. ಉಗುರಿನಿಂದ ಒತ್ತಿ. ನೀರು ಚಿಮ್ಮಿದರೆ ಚೀಲ ಹರಿದಿದೆ, ಚೀಲ ಹಾಕಿಸಬೇಕು. ಬರೀ ಗಾಳಿ ಬಂದರೆ ಅಥವಾ ಏನೂ ಬಾರದಿದ್ದರೆ ಗಾಳಿ ಹೊಡೆದು ನೋಡಿ. ಅದಕ್ಕೆ ಮುಂಚೆ ಪಂಪಿನ ಎಂಸಿಬಿ (ಕರೆಂಟ್ ಸ್ವಿಚ್) ಆಫ್ ಮಾಡಿ, ನಲ್ಲಿ ಬಿಟ್ಟು ನೀರಿನ ಒತ್ತಡ ತೋರಿಸುವ ಮೀಟರಿನ ಮುಳ್ಳು ಸೊನ್ನೆಗೆ ಬರುವ ತನಕ ಕಾಯಿರಿ. ಇದನ್ನು ಮರೆತರೆ ನೀರಿನ ಒತ್ತಡವೇ ಗಾಳಿಯ ಗೇಜಿನಲ್ಲಿ ತೋರಿಸಿ ಗಾಳಿ ಸರಿ ಇದೆ ಅಂತ ಮೋಸ ಹೋಗುತ್ತೀರಿ. ಆಮೇಲೆ ಸೈಕಲ್ ಪಂಪಿನಲ್ಲಿ 18 ಪಿಎಸ್‌ಐ ಹೊಡೆಯಿರಿ. ಪಂಪ್ ಆನ್ ಆಗುವ ಒತ್ತಡಕ್ಕಿಂತ 2 ಕಮ್ಮಿ, ಅದೇ ಲೆಕ್ಕ.

ಎರಡನೆಯದು ರಾತ್ರಿಯ ಕಥೆ. ನಲ್ಲಿ ಬಂದ್ ಇದ್ದಾಗಲೂ ಓಡುತ್ತದೆ ಅಂದರೆ ಎಲ್ಲೋ ನೀರು ಹೋಗುತ್ತಿದೆ. ಟ್ಯಾಂಕ್ ದಾಟಿ ಮನೆಗೆ ಹೋಗುವ ಪೈಪಿನ ಗೇಟ್‌ವಾಲ್ವ್ ಬಂದ್ ಮಾಡಿ, ಮುಳ್ಳು ನೋಡುತ್ತಿರಿ. ಆಗಲೂ ಇಳಿದರೆ ಫುಟ್‌ವಾಲ್ವ್ (ಬಾವಿಯೊಳಗೆ ಪೈಪಿನ ತುದಿಯ ವಾಲ್ವ್) ಅಥವಾ ಎನ್‌ಆರ್‌ವಿ (ನೀರು ಹಿಂದೆ ಹೋಗದಂತೆ ತಡೆಯುವ ವಾಲ್ವ್) ಮೂಲಕ ನೀರು ಬಾವಿಗೆ ವಾಪಸ್ ಹೋಗುತ್ತಿದೆ. ನಿಮ್ಮ ಕಡೆ ಮುರಕಲ್ಲಿನ ಬಾವಿ ಅಲ್ವಾ, ಫುಟ್‌ವಾಲ್ವಿನಲ್ಲಿ ಒಂದು ಹರಳು ಸಿಕ್ಕಿದರೂ ಸಾಕು. ಮುಳ್ಳು ನಿಂತಲ್ಲೇ ನಿಂತರೆ ಸೋರಿಕೆ ಮನೆಯೊಳಗೆ. ಮೊದಲು ಕಮೋಡಿನ ಫ್ಲಶ್ ಟ್ಯಾಂಕ್ ನೋಡಿ. ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಅದಕ್ಕೆ ಬಿಟ್ಟು, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ನೀಲಿ ಕಮೋಡಿಗೆ ಇಳಿದರೆ ಸೋರಿಕೆ ಅಲ್ಲೇ.

ಇದನ್ನು ಹೀಗೇ ಬಿಡಬೇಡಿ. ಪ್ರತಿ ಸಲ ಆನ್ ಆಗುವಾಗ ಮೋಟರ್ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತದೆ. ಸ್ವಿಚ್ಚಿನ ಪಾಯಿಂಟ್ ಸುಡುತ್ತದೆ, ಕೊನೆಗೆ ಮೋಟರಿನೊಳಗಿನ ತಂತಿ ಸುರುಳಿ (ವೈಂಡಿಂಗ್) ಕೂಡ. ಆಗ ನಿಜವಾಗಿಯೂ ಪಂಪ್ ಬದಲಾಯಿಸಬೇಕಾಗುತ್ತದೆ!

ಇನ್ನೊಬ್ಬರು (ತುಮಕೂರು):
ಅಣ್ಣ, ನಮ್ಮದು ಬೋರ್‌ವೆಲ್, ಪ್ರೆಶರ್ ಟ್ಯಾಂಕ್ ಇಲ್ಲ. ಹತ್ತು ನಿಮಿಷ ಓಡಿ ತಾನೇ ನಿಲ್ಲುತ್ತೆ, ಸ್ವಲ್ಪ ಹೊತ್ತಿಗೆ ತಾನೇ ಆನ್ ಆಗುತ್ತೆ. ಪ್ಯಾನೆಲ್ ಬೋರ್ಡ್ ಹೋಗಿದೆಯಾ?

ಉತ್ತರ:
ನಿಮ್ಮದು ಬೇರೆ ವಿಷಯ. ಪ್ಯಾನೆಲ್ಲಿನಲ್ಲಿ ಡ್ರೈ ರನ್ (ನೀರಿಲ್ಲದೆ ಮೋಟರ್ ಓಡುವುದು) ಲೈಟ್ ಹತ್ತುತ್ತಿದೆಯಾ ನೋಡಿ. ಹತ್ತಿದರೆ ಪ್ಯಾನೆಲ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಬೋರಿಗೆ ಬರುವ ನೀರಿಗಿಂತ ಮೋಟರ್ ಜಾಸ್ತಿ ಎಳೆಯುತ್ತಿದೆ, ಅಷ್ಟೇ. ಮೇಲಿನ ಗೇಟ್‌ವಾಲ್ವ್ ಸ್ವಲ್ಪ ಬಿಗಿ ಮಾಡಿ, ಟೈಮರಿನಲ್ಲಿ ಬಿಡುವು ಹೆಚ್ಚಿಸಿ. ಡ್ರೈ ರನ್ ವೈರ್ ತೆಗೆದು ಡೈರೆಕ್ಟ್ ಕೊಡುತ್ತೇನೆ ಅಂತ ಯಾರಾದರೂ ಬಂದರೆ ಗೇಟಿನಿಂದಲೇ ವಾಪಸ್ ಕಳಿಸಿ. ಸಬ್‌ಮರ್ಸಿಬಲ್ ಮೋಟರ್ ತಣ್ಣಗಿರುವುದು ಸುತ್ತ ನೀರಿದ್ದರೆ ಮಾತ್ರ. ಲೈಟ್ ಹತ್ತದಿದ್ದರೆ ಓವರ್‌ಲೋಡ್ ಅಥವಾ ವೋಲ್ಟೇಜ್ ಇರಬಹುದು. ಪ್ಯಾನೆಲ್ಲಿನ ಫೋಟೋ ಹಾಕಿ.

ಕುಂದಾಪುರದವರು:
ಸರ್, ಪಿನ್ ಒತ್ತಿದರೆ ಗಾಳಿ ಬಂತು, ನೀರಿಲ್ಲ. ಗೇಜಿನಲ್ಲಿ ತುಂಬಾ ಕಮ್ಮಿ ಇತ್ತು, 18 ಮಾಡಿಸಿದೆವು. ಈಗ ಶವರ್ ಬಿಟ್ಟರೆ ಪಂಪ್ ಎಷ್ಟೋ ಹೊತ್ತು ಸುಮ್ಮನಿರುತ್ತದೆ. ಗೇಟ್‌ವಾಲ್ವ್ ಬಂದ್ ಮಾಡಿದರೆ ಮುಳ್ಳು ಅಲುಗಲಿಲ್ಲ. ನೀಲಿ ಮಾತ್ರ ಕಮೋಡಿಗೆ ಇಳಿದಿದೆ.

ಉತ್ತರ:
ಹಾಗಾದರೆ ಫ್ಲಶ್ ಟ್ಯಾಂಕಿನ ತಳದ ರಬ್ಬರ್ ವಾಷರ್ ಹಾಳಾಗಿದೆ. ಹಳೇ ವಾಷರ್ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಕಂಪನಿಗೊಂದು ಅಳತೆ ಇರುತ್ತದೆ. ಗಾಳಿಯನ್ನು ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿ. ಮತ್ತೆ ಇಳಿದಿದ್ದರೆ ಪಿನ್ ಮೇಲೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಪಂಕ್ಚರ್ ಅಂಗಡಿಯಲ್ಲಿ ಸಿಗುವ ವಾಲ್ವ್ ಪಿನ್ನೇ ಹಾಕಬಹುದು.